ಆ ಮನೆಯೊಳಗೆ ಯಾರಿದ್ದರು?

ಪ್ರವಾದಿ ಯೋನನ ಗ್ರಂಥವನ್ನು ನಾವು ಸಾಮಾನ್ಯವಾಗಿ ದೊಡ್ಡ ಮೀನಿನ ಕಥೆಯೆಂದು ಮಕ್ಕಳಿಗೆ ಹೇಳಿ ಮುಗಿಸಿಬಿಡುತ್ತೇವೆ. ಆದರೆ ಆ ಪುಟ್ಟ ಗ್ರಂಥದ ತಿರುಳಿರುವುದು ಅದರ ಕೊನೆಯ ವಚನದಲ್ಲಿ. ನಿನೆವೆ ನಾಶವಾಗಲಿಲ್ಲವೆಂದು ಮುನಿಸಿಕೊಂಡು ಕುಳಿತ ಪ್ರವಾದಿಯ ಮುಂದೆ ದೇವರು ಒಂದು ಲೆಕ್ಕವನ್ನಿಡುತ್ತಾರೆ: ಎಡಗೈ ಬಲಗೈಗಳ ಭೇದವನ್ನೂ ಅರಿಯದ 1,20,000ಕ್ಕೂ ಮಿಗಿಲಾದ ಜನರು ಆ ನಗರದಲ್ಲಿದ್ದಾರೆ, ಜೊತೆಗೆ ದನಕರುಗಳೂ ಇವೆ. ಶತ್ರುವಿನ ನಗರದೊಳಗೆ ಯಾರಿದ್ದಾರೆಂದು ಎಣಿಸಿ ನೋಡುವ ದೇವರು!

ಆ ನಿನೆವೆಯ ಅವಶೇಷಗಳಿರುವುದು ಇಂದಿನ ಇರಾಕಿನ ಮೊಸುಲ್ ನಗರದಲ್ಲಿ, ಟೈಗ್ರಿಸ್ ನದಿಯ ಪೂರ್ವ ದಂಡೆಯ ಮೇಲೆ. 2014ರ ಜೂನ್‌ನಲ್ಲಿ ಐಸಿಸ್ ಉಗ್ರರು ಈ ನಗರವನ್ನು ವಶಪಡಿಸಿಕೊಂಡರು. ಜುಲೈನಲ್ಲಿ ಕ್ರೈಸ್ತರನ್ನು ಹೊರಗಟ್ಟಿದರು. ಯೋನನ ಸಮಾಧಿ ಅಲ್ಲಿದೆಯೆಂದು ನಂಬಲಾಗಿದ್ದ ಮಸೀದಿಯನ್ನು ಅದೇ ತಿಂಗಳು ಸಿಡಿಸಿ ಕೆಡವಿದರು. 2016ರ ಅಕ್ಟೋಬರ್ 17ರಂದು ಇರಾಕಿನ ಸೇನೆಯು ಅಮೆರಿಕ ನೇತೃತ್ವದ ಮಿತ್ರಕೂಟದ ವಾಯುಬಲದೊಡನೆ ನಗರವನ್ನು ಬಿಡಿಸಿಕೊಳ್ಳಲು ಹೊರಟಿತು. ಈ ಯುದ್ಧವನ್ನು ಅನ್ಯಾಯದ ಯುದ್ಧವೆಂದು ನಾನು ಹೇಳಲಾರೆ. ನನ್ನನ್ನು ಕಾಡುವುದು ಅಲ್ಲಿಯ ಒಂದು ಮನೆ.

2017ರ ಮಾರ್ಚ್ 17ರಂದು ಪಶ್ಚಿಮ ಮೊಸುಲ್‌ನ ಅಲ್-ಜದಿದಾ ಬಡಾವಣೆಯಲ್ಲಿ, ಒಂದು ಕಟ್ಟಡದ ಮೇಲ್ಭಾಗದಿಂದ ಇಬ್ಬರು ಉಗ್ರರು ಹೊಂಚಿ ಗುಂಡು ಹಾರಿಸುತ್ತಿದ್ದರು. ಅವರನ್ನು ಮುಗಿಸಲೆಂದು ಅಮೆರಿಕದ ವಿಮಾನವು ಸುಮಾರು 227 ಕಿಲೋ ತೂಕದ ಒಂದು ಬಾಂಬನ್ನು ಹಾಕಿತು. ಇಡೀ ಕಟ್ಟಡ ಕುಸಿಯಿತು. ಕೆಳಗೆ ಆಶ್ರಯ ಪಡೆದಿದ್ದ ಕುಟುಂಬಗಳು ಅದರಡಿ ಹೂತುಹೋದವು. ಮೇ ತಿಂಗಳಲ್ಲಿ ಪ್ರಕಟವಾದ ಅಮೆರಿಕದ ಸೇನಾ ತನಿಖೆಯ ಪ್ರಕಾರವೇ ಸತ್ತ ನಾಗರಿಕರು 105 ಮಂದಿ. ಉಗ್ರರು ಒಳಗೆ ಸ್ಫೋಟಕಗಳನ್ನಿಟ್ಟಿದ್ದರಿಂದ ಕಟ್ಟಡ ಕುಸಿಯಿತೆಂದು ತನಿಖೆ ಹೇಳಿತು. ಅಲ್ಲಿಯ ನಿವಾಸಿಗಳು ಇದನ್ನು ಒಪ್ಪಲಿಲ್ಲ. ಒಳಗೆ ಜನರಿದ್ದದ್ದು ತಿಳಿದಿರಲಿಲ್ಲ, ಹಿಂದಿನ ಎರಡು ದಿನ ಹವಾಮಾನ ಕೆಟ್ಟು ಆಕಾಶದಿಂದ ನಿಗಾ ಇಡಲಾಗಲಿಲ್ಲ ಎಂದೂ ಅದು ಹೇಳಿತು.

ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ನಾವು ಉಭಯ ಪರಿಣಾಮದ ತತ್ವವನ್ನು ಕಂಠಪಾಠ ಮಾಡಿದ್ದೆವು. ಸಂತ ತೋಮಾಸ್ ಅಕ್ವಿನಾಸರು ಆತ್ಮರಕ್ಷಣೆಯ ಕುರಿತು ಬರೆದ ಮಾತುಗಳಿಂದ ಬೆಳೆದುಬಂದ ತತ್ವವಿದು. ಕೃತ್ಯವು ಸ್ವತಃ ಕೆಟ್ಟದ್ದಾಗಿರಬಾರದು. ಕೆಟ್ಟ ಪರಿಣಾಮವನ್ನು ಬಯಸಿರಬಾರದು. ಕೆಟ್ಟದ್ದೇ ಒಳಿತಿಗೆ ಸಾಧನವಾಗಬಾರದು. ಒಳಿತಿಗೂ ಕೆಡುಕಿಗೂ ತಕ್ಕ ಪ್ರಮಾಣವಿರಬೇಕು. ಕಪ್ಪುಹಲಗೆಯ ಮೇಲೆ ಎಲ್ಲವೂ ಎಷ್ಟು ಸ್ಪಷ್ಟವಾಗಿತ್ತು! ಅಲ್-ಜದಿದಾದಲ್ಲಿ ಬಾಂಬು ಹಾಕಿದವರು ಆ ತಾಯಂದಿರನ್ನೂ ಮಕ್ಕಳನ್ನೂ ಕೊಲ್ಲಲು ಬಯಸಿರಲಿಲ್ಲ ಎಂಬುದನ್ನು ನಾನು ನಂಬುತ್ತೇನೆ. ಮೊದಲ ಮೂರು ನಿಯಮಗಳನ್ನು ಅವರು ದಾಟಿಬಿಡುತ್ತಾರೆ. ನಾಲ್ಕನೆಯದಕ್ಕೆ ಬಂದಾಗ 'ನಮಗೆ ಗೊತ್ತಿರಲಿಲ್ಲ' ಎಂಬ ಉತ್ತರ.

ಆದರೆ ಅಜ್ಞಾನದಲ್ಲಿಯೂ ಎರಡು ಬಗೆಯನ್ನು ನಮ್ಮ ನೀತಿಶಾಸ್ತ್ರ ಗುರುತಿಸಿದೆ: ನೀಗಲಾಗದ ಅಜ್ಞಾನ ಮತ್ತು ಪ್ರಯತ್ನಪಟ್ಟರೆ ನೀಗಬಹುದಾದ ಅಜ್ಞಾನ. ಮೊಸುಲ್ ಕಾರ್ಯಾಚರಣೆ ಆರಂಭವಾದಾಗ ಇರಾಕ್ ಸರ್ಕಾರವೇ ವಿಮಾನಗಳಿಂದ ಕರಪತ್ರಗಳನ್ನು ಉದುರಿಸಿ, ಮನೆ ಬಿಟ್ಟು ಹೊರಬರಬೇಡಿ ಎಂದು ಜನರಿಗೆ ತಿಳಿಸಿತ್ತು. ಹಾಗೆ ಹೇಳಿದ ಮೇಲೆ ಆ ನಗರದ ಪ್ರತಿಯೊಂದು ಮನೆಯಲ್ಲೂ ಜನರಿದ್ದಾರೆ ಎಂದೇ ಎಣಿಸಬೇಕಾಗಿತ್ತು. ಎರಡು ದಿನ ಕಣ್ಣಿಗೆ ಬೀಳದ ಮನೆ ಖಾಲಿ ಮನೆಯಲ್ಲ. ಇಲ್ಲಿಯ ಅಜ್ಞಾನ ನೀಗಬಹುದಾದದ್ದೇ ಆಗಿತ್ತೆಂದು ನನ್ನ ಅಭಿಪ್ರಾಯ.

ಈ ವಿಷಯವನ್ನು ನಮ್ಮ ಧರ್ಮಕೇಂದ್ರದ ನಿವೃತ್ತ ಯೋಧರೊಬ್ಬರ ಮುಂದೆ ಪ್ರಸ್ತಾಪಿಸಿದೆ. "ಸ್ವಾಮಿ, ಮೇಲಿನಿಂದ ಗುಂಡು ಬರುತ್ತಿರುವಾಗ ಕೆಳಗೆ ಯಾರಿದ್ದಾರೆಂದು ವಿಚಾರಿಸುತ್ತಾ ನಿಂತರೆ ನಮ್ಮ ಹುಡುಗರು ಸಾಯುತ್ತಾರೆ" ಎಂದರು. ಅವರ ಮಾತು ನಿಜ. ಬಾಂಬಿನ ಬದಲು ಸೈನಿಕರು ಮೆಟ್ಟಿಲು ಹತ್ತಬೇಕಾದರೆ ಕೆಲವರು ಹಿಂದಿರುಗುವುದಿಲ್ಲ. ಅಮೆರಿಕದ ಚಿಂತಕ ಮೈಕೆಲ್ ವಾಲ್ಜರ್ 1977ರಲ್ಲಿಯೇ ಈ ಕಹಿಯನ್ನು ಬಚ್ಚಿಡದೆ ಬರೆದರು: ನಾಗರಿಕರ ಸಾವನ್ನು ಬಯಸದಿದ್ದರೆ ಸಾಲದು, ಅದನ್ನು ತಗ್ಗಿಸಲು ಸೈನಿಕನು ತನ್ನ ಮೇಲೆ ಅಪಾಯವನ್ನು ತೆಗೆದುಕೊಳ್ಳಬೇಕು. ನಾನು ಇದನ್ನೊಪ್ಪುತ್ತೇನೆ. ಆದರೆ ಜಗಲಿಯ ಮೇಲೆ ಕುಳಿತು ಒಪ್ಪುವುದು ಸುಲಭವೆಂಬುದು ಆ ಯೋಧರ ಮುಖ ನೋಡಿದಾಗ ನನಗೆ ತಿಳಿಯದೇ ಇರಲಿಲ್ಲ.

ಜನರನ್ನು ಗುರಾಣಿಯಾಗಿಸಿಕೊಂಡವರ ಪಾಪ ಮೊದಲನೆಯದು. ಐಸಿಸ್ ಉಗ್ರರು ಕುಟುಂಬಗಳನ್ನು ಮನೆಗಳಿಗೆ ತುಂಬಿ, ಓಡಿದವರಿಗೆ ಗುಂಡಿಕ್ಕಿದರು. ಆದರೆ ಒಬ್ಬನ ಪಾಪ ಇನ್ನೊಬ್ಬನ ಕರ್ತವ್ಯವನ್ನು ಅಳಿಸುವುದಿಲ್ಲ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲ್ ಕೂಡ ಇದನ್ನೇ ವಿಧಿಸುತ್ತದೆ. ಅಮೆರಿಕ ಅದನ್ನು ಸ್ಥಿರೀಕರಿಸಿಲ್ಲ, ಭಾರತವೂ ಇಲ್ಲ. 2022ರ ನವೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ 80ಕ್ಕೂ ಹೆಚ್ಚು ರಾಷ್ಟ್ರಗಳು, ಜನವಸತಿಗಳಲ್ಲಿ ಸ್ಫೋಟಕ ಅಸ್ತ್ರಗಳ ಬಳಕೆಗೆ ಕಡಿವಾಣ ಹಾಕುವ ಘೋಷಣೆಯೊಂದಕ್ಕೆ ಸಮ್ಮತಿಸಿದವು. ಅಮೆರಿಕ ಈ ಬಾರಿ ಸೇರಿತು. ನಮ್ಮ ದೇಶ ಸೇರಲಿಲ್ಲ. ಏಕೆಂದು ಕೇಳಿದ ಒಬ್ಬ ವಿಶ್ವಾಸಿಯನ್ನೂ, ನಮ್ಮ ಗುರುಗಳ ಪೈಕಿ ಒಬ್ಬರನ್ನೂ, ನಾನು ಈವರೆಗೆ ಕಂಡಿಲ್ಲ.