ಒಡೆದ ಗಾಜಿಗೆ ಕಾರಣ ಕೇಳಿದರು

ಖಂಬಾಟಕಿ ಸುರಂಗ ಹಿಂದೆ ಬಿದ್ದು, ಶಿರವಳ ದಾಟಿ, ನೀರಾ ನದಿಯ ಸೇತುವೆ ಸಮೀಪಿಸುತ್ತಿದ್ದಾಗ ತಲೆಯ ಮೇಲೆ ಫಟ್ಟೆಂದು ದೊಡ್ಡ ಸದ್ದಾಯಿತು. ಟೈರು ಸಿಡಿಯಿತೆಂದು ಸ್ಟಿಯರಿಂಗ್ ಗಟ್ಟಿ ಹಿಡಿದೆ. ಗಾಡಿ ಮಾತ್ರ ನೆಟ್ಟಗೇ ಓಡುತ್ತಿತ್ತು. ಮರುಕ್ಷಣ ಮೇಲಿನಿಂದ ಗಾಳಿ ಭೋರೆಂದು ನುಗ್ಗಿತು. ಸನ್‌ರೂಫಿನ ಒಳಪರದೆ ಕೆಳಕ್ಕೆ ಉಬ್ಬಿತು. ಅದರ ಅಂಚಿನಿಂದ ಗಾಜಿನ ಹರಳುಗಳು ನನ್ನ ಹೆಗಲ ಮೇಲೆ, ಗೇರಿನ ಸುತ್ತ ಉದುರತೊಡಗಿದವು.

ಮೇ ತಿಂಗಳ ಮಧ್ಯಾಹ್ನ. ಬಿಸಿಲು ಹೆಚ್ಚೆಂದು ಹೆಂಡತಿ ಕರಾಡದಲ್ಲೇ ಪರದೆ ಎಳೆದಿದ್ದಳು. ಆ ಬಟ್ಟೆ ಇಲ್ಲದಿದ್ದರೆ ಅಷ್ಟೂ ಗಾಜು ಹಿಂದೆ ಕೂತಿದ್ದ ಅವ್ವನ ಮೇಲೂ ಮಗನ ಮೇಲೂ ಬೀಳುತ್ತಿತ್ತು. ಅವ್ವನನ್ನು ಧಾರವಾಡದಿಂದ ಪುಣೆಗೆ ಕರೆದುಕೊಂಡು ಹೊರಟಿದ್ದೆವು. “ಏನಾತೋ ತಮ್ಮಾ? ಯಾರರೆ ಕಲ್ಲ ಒಗದ್ರೇನ?” ಎಂದು ಅವಳು ಮಗನ ತಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸೇತುವೆ ದಾಟಿ ರಸ್ತೆಯ ಎಡಕ್ಕೆ ನಿಲ್ಲಿಸಿದೆ. ನೀರಾ ನದಿಯೇ ಅಲ್ಲಿ ಸಾತಾರಾ ಜಿಲ್ಲೆಗೂ ಪುಣೆ ಜಿಲ್ಲೆಗೂ ಗಡಿ. ಕೆಟ್ಟದ್ದು ಯಾವ ಜಿಲ್ಲೆಯಲ್ಲಿ ಆಯಿತು ಎಂಬ ಪ್ರಶ್ನೆಯನ್ನೂ ಮುಂದೆ ಒಬ್ಬರು ಕೇಳಲಿದ್ದರು. ಆಗ ಅದು ನನಗೆ ಗೊತ್ತಿರಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಕಾಲಿಟ್ಟು ಹತ್ತಿ ನೋಡಿದೆ. ಸನ್‌ರೂಫಿನ ಮುಂದಿನ ಗಾಜು, ಅಂದರೆ ಸರಿದು ತೆರೆಯುವ ಗಾಜು, ಪೂರ್ತಿ ಹೋಗಿತ್ತು. ಸುತ್ತಲಿನ ಕಪ್ಪು ಅಂಚಿಗೆ ಮಾತ್ರ ಹಲ್ಲು ಹಲ್ಲಾಗಿ ತುಣುಕುಗಳು ಅಂಟಿಕೊಂಡಿದ್ದವು. ಒಳಗಾಗಲೀ ಮೇಲಾಗಲೀ ಕಲ್ಲು ಸಿಗಲಿಲ್ಲ. ಫೋನು ತೆಗೆದು ಚೌಕಟ್ಟನ್ನು ನಾಲ್ಕೂ ದಿಕ್ಕಿನಿಂದ, ರಸ್ತೆಯನ್ನು, ಪಕ್ಕದ ಕಿಲೋಮೀಟರ್ ಕಲ್ಲನ್ನು ಫೋಟೋ ಹಿಡಿದುಕೊಂಡೆ. ಗಾಬರಿಯಲ್ಲಿ ಕೈಗೆ ಬೇರೆ ಕೆಲಸ ಹೊಳೆಯಲಿಲ್ಲ, ಅಷ್ಟೆ. ಅದೇ ಮುಂದೆ ನಮ್ಮನ್ನು ಉಳಿಸಿತು.

ಖೇಡ್ ಶಿವಾಪುರದ ಟೋಲ್‌ನಾಕೆಗಿಂತ ಮೊದಲು ಒಂದು ಅಂಗಡಿಯಲ್ಲಿ ತಾಡಪತ್ರಿಯೂ ಅಗಲದ ಟೇಪೂ ಸಿಕ್ಕಿದವು. ತಾಡಪತ್ರಿಯನ್ನು ಛಾವಣಿಯ ಮೇಲೆ ಹಾಸಿ, ತುದಿಗಳನ್ನು ಬಾಗಿಲುಗಳ ಒಳಕ್ಕೆ ಮಡಚಿ, ಬಾಗಿಲು ಮುಚ್ಚಿ ಸಿಕ್ಕಿಸಿದೆವು. ಕಾತ್ರಜ್ ಸುರಂಗದಲ್ಲಿ ಅದು ಫಡಫಡ ಬಡಿದುಕೊಳ್ಳುತ್ತಿದ್ದರೆ ಅಕ್ಕಪಕ್ಕದ ಲಾರಿಯವರು ಬಗ್ಗಿ ನೋಡುತ್ತಿದ್ದರು. ಸಿಂಹಗಡ ರಸ್ತೆಯ ಮನೆ ಮುಟ್ಟಿದಾಗ ಅವ್ವ ಗಾಡಿಯಿಂದಿಳಿದು ನೆಲ ಮುಟ್ಟಿ ನಮಸ್ಕರಿಸಿದಳು.

ಮರುದಿನ ಗಾಡಿ ಕೊಂಡ ಕಂಪನಿಯ ವರ್ಕ್‌ಶಾಪಿಗೆ ಹೋದೆ. ವಾರಂಟಿ ಇನ್ನೂ ಇತ್ತು. ಸರ್ವಿಸ್ ಅಡ್ವೈಸರ್ ತಾಡಪತ್ರಿ ಎತ್ತಿ ಒಮ್ಮೆ ನೋಡಿದ. “ಇದು ಹೊರಗಿನ ಪೆಟ್ಟು. ಗಾಜು ವಾರಂಟಿಯಲ್ಲಿ ಬರುವುದಿಲ್ಲ. ವಿಮೆಯವರನ್ನು ಕೇಳಿ” ಎಂದ. ವಿಮೆಯ ಸರ್ವೇಯರ್ ಬಂದು ಅದೇ ಚೌಕಟ್ಟನ್ನು ನೋಡಿದರು. “ಪೆಟ್ಟಿನ ಗುರುತೆಲ್ಲಿ? ಏನು ಬಡಿಯಿತು? ಬಡಿದ ವಸ್ತು ಎಲ್ಲಿ?” ಎಂದರು. ನಮ್ಮ ದೇಶದ ವಾಹನ ವಿಮೆಯ ಪಾಲಿಸಿಯಲ್ಲಿ ಹೊರಗಿನ ಕಾರಣದಿಂದ ಆದ ಅಪಘಾತಕ್ಕೆ ಪರಿಹಾರವಿದೆ. ಸವೆತಕ್ಕೆ, ಯಂತ್ರದ ದೋಷಕ್ಕೆ, ತಾನಾಗಿ ಮುರಿದದ್ದಕ್ಕೆ ಇಲ್ಲ. ಗಾಜು ತಾನಾಗಿ ಒಡೆದಿದ್ದರೆ ತಯಾರಕರ ಹೊಣೆ, ಪೆಟ್ಟಿನಿಂದ ಒಡೆದಿದ್ದರೆ ವಿಮೆಯ ಹೊಣೆ. ಒಬ್ಬರು ಪೆಟ್ಟು ಎನ್ನುತ್ತಾರೆ, ಇನ್ನೊಬ್ಬರು ಪೆಟ್ಟಲ್ಲ ಎನ್ನುತ್ತಾರೆ. ಇಬ್ಬರ ಮಾತೂ ನಿಜವೆಂದುಕೊಂಡರೆ ದುಡ್ಡು ಕೊಡಬೇಕಾದವನು ನಾನೊಬ್ಬನೇ.

ಈ ಹಗ್ಗಜಗ್ಗಾಟದ ಬೇರು ಆ ಗಾಜಿನ ಗುಣದಲ್ಲೇ ಇದೆ. ಗಾಡಿಯ ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಬೆಸೆದದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅದನ್ನೇ ಬಳಸಬೇಕೆನ್ನುತ್ತವೆ. ಅದಕ್ಕೆ ಕಲ್ಲು ಬಡಿದರೆ ಬಿರುಕು ಬಿಡುತ್ತದೆ, ಆದರೆ ಕಳಚಿ ಬೀಳುವುದಿಲ್ಲ. ಪೆಟ್ಟು ಎಲ್ಲಿ ಬಿತ್ತೆಂದು ಮಗುವೂ ಬೆರಳಿಟ್ಟು ತೋರಿಸಬಹುದು. ನನ್ನ ಸನ್‌ರೂಫಿನದು ಟಫನ್ಡ್ ಗಾಜು. ಇದನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಎರಡೂ ಕಡೆಯಿಂದ ಗಾಳಿ ಹೊಡೆದು ಥಟ್ಟನೆ ತಣಿಸುತ್ತಾರೆ. ಹೊರಮೈ ಬಿಗಿದು ಒತ್ತಿಕೊಳ್ಳುತ್ತದೆ, ಒಳಗು ಸದಾ ಎಳೆತದಲ್ಲಿರುತ್ತದೆ. ಹೀಗಾಗಿ ಮಾಮೂಲಿ ಗಾಜಿಗಿಂತ ಎಷ್ಟೋ ಪಟ್ಟು ಗಟ್ಟಿ. ಆದರೆ ಒಂದು ಗೀರು ಆ ಎಳೆತದ ಪದರ ಮುಟ್ಟಿತೆಂದರೆ ಇಡೀ ಗಾಜು ಒಂದೇ ಏಟಿಗೆ ಪುಡಿ. ಮನುಷ್ಯರಿಗೆ ಉದ್ದನೆಯ ಚೂರು ಚುಚ್ಚದಿರಲಿ ಎಂದೇ ಹೀಗೆ ಮಾಡಿದ್ದು. ಆ ಉಪಕಾರಕ್ಕೆ ತೆರುವ ಬೆಲೆಯೆಂದರೆ, ಪೆಟ್ಟು ಬಿದ್ದ ಜಾಗವೂ ಪುಡಿಯೊಂದಿಗೇ ಉದುರಿ ಹೋಗುತ್ತದೆ.

ಕಾರಣಗಳಿಗೇನೂ ಬರವಿರಲಿಲ್ಲ. ಖಂಬಾಟಕಿಯಲ್ಲಿ ಹೊಸ ಸುರಂಗದ ಕಾಮಗಾರಿಯಿಂದಾಗಿ ಕಡಿ ತುಂಬಿದ ಟಿಪ್ಪರ್‌ಗಳು ಓಡಾಡುತ್ತಿದ್ದವು; ಅದರಲ್ಲೊಂದರ ಹಿಂದೆ ನಾವೂ ಸ್ವಲ್ಪ ದೂರ ಸಾಗಿದ್ದೆವು. ಆಗ ಚಿಕ್ಕ ಹರಳೊಂದು ತಾಗಿ, ಗೀರು ಸುಮ್ಮನೆ ಕಾದಿದ್ದು, ಬಿಸಿಲಿನ ಕಾವಿಗೆ ಬಿಟ್ಟುಕೊಂಡಿರಬಹುದು. ಗಾಜಿನ ಅಂಚು ಚೌಕಟ್ಟಿಗೆ ಒತ್ತಿದ್ದಿರಬಹುದು. ತಯಾರಿಕೆಯಲ್ಲೇ ನಿಕ್ಕಲ್ ಸಲ್ಫೈಡಿನ ಕಣ ಉಳಿದಿದ್ದರೆ ಅದು ವರ್ಷಗಳ ಮೇಲೆ ನಿಧಾನವಾಗಿ ಹಿಗ್ಗಿ ಟಫನ್ಡ್ ಗಾಜನ್ನು ಒಳಗಿನಿಂದಲೇ ಸೀಳುವುದುಂಟು. ಕಟ್ಟಡಗಳ ಗಾಜಿನ ಗೋಡೆಗಳಲ್ಲಿ ಇದು ಹಳೆಯ ತಲೆನೋವು. ಅವ್ವ ಮಾತ್ರ ಯಾರೋ ಕಲ್ಲು ಒಗೆದರೆಂಬ ಪಟ್ಟು ಬಿಡಲಿಲ್ಲ.

ಕ್ಲೇಮ್ ಫಾರ್ಮಿನಲ್ಲಿ ನಾನು ಯಾವ ಊಹೆಯನ್ನೂ ಬರೆಯಲಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವೇಗದಲ್ಲಿದ್ದಾಗ, ಏನು ಕೇಳಿಸಿತು, ಏನು ಕಾಣಿಸಿತು ಎಂದಷ್ಟೇ ಬರೆದೆ. “ಕಲ್ಲು ಬಡಿಯಿತು ಎಂದು ಬರೆದುಬಿಡಿ, ಬೇಗ ಮುಗಿಯುತ್ತದೆ” ಎಂದು ವರ್ಕ್‌ಶಾಪಿನವನು ಬುದ್ಧಿ ಹೇಳಿದ. ಕಾಣದ ಕಲ್ಲನ್ನು ಸಹಿ ಹಾಕಿ ಕೊಡಲು ಮನಸ್ಸಾಗಲಿಲ್ಲ.

ಇಷ್ಟರಲ್ಲಿ ಆಕಾಶ ಕಪ್ಪಾಗತೊಡಗಿತು. ಪುಣೆಯಲ್ಲಿ ಮುಂಗಾರು ಕಾಲಿಡುವುದು ಜೂನ್ ಎರಡನೇ ವಾರದ ಹೊತ್ತಿಗೆ. ಅದಕ್ಕೂ ಮುಂಚೆ ಸಂಜೆಯಾದರೆ ಗುಡುಗಿ ಸುರಿಯುವ ಅಡ್ಡಮಳೆ ಯಾರನ್ನೂ ಕೇಳಿ ಬರುವುದಿಲ್ಲ. ವಿಮೆ ಒಪ್ಪುವವರೆಗೆ ಗಾಜಿಗೆ ಆರ್ಡರ್ ಹಾಕುವುದಿಲ್ಲ, ಜಾಗವಿಲ್ಲ, ಗಾಡಿ ಮನೆಗೆ ಒಯ್ಯಿರಿ ಎಂದು ವರ್ಕ್‌ಶಾಪಿನವರು ಕೈ ತೊಳೆದುಕೊಂಡಿದ್ದರು. ನಮ್ಮ ಕಟ್ಟಡದಲ್ಲಿ ಗಾಡಿ ನಿಲ್ಲಿಸುವುದು ಬಯಲಲ್ಲಿ. ತಾಡಪತ್ರಿ ಗಾಳಿಗೆ ಹರಿಯಿತು. ಕೆಳಗಿನ ಮನೆಯ ಕಾಕು ತಮ್ಮ ಅಟ್ಟದಿಂದ ದೊಡ್ಡ ಫ್ಲೆಕ್ಸ್ ಒಂದನ್ನು ಇಳಿಸಿಕೊಟ್ಟರು. ಹುಟ್ಟುಹಬ್ಬದ ಶುಭಾಶಯದ ಫಲಕ. ಕೈ ಮುಗಿದ ಪುಢಾರಿ, ಅವನ ಸುತ್ತ ಹತ್ತಾರು ಕಾರ್ಯಕರ್ತರ ಮುಖಗಳು. ಅವರೆಲ್ಲರ ಆಶ್ರಯದಲ್ಲಿ ನಮ್ಮ ಗಾಡಿ ಆ ಮಳೆಗಳನ್ನು ಕಳೆಯಿತು. ಅರ್ಧರಾತ್ರಿ ಗುಡುಗು ಕೇಳಿದರೆ ನಾನೂ ಹೆಂಡತಿಯೂ ಟಾರ್ಚು ಹಿಡಿದು ಇಳಿದು ಹಗ್ಗ ಬಿಗಿಯುತ್ತಿದ್ದೆವು. ಆದರೂ ಒಂದು ರಾತ್ರಿಯ ಮಳೆ ಒಳಗೆ ಹೊಕ್ಕಿತು. ಛಾವಣಿಯ ಒಳಬಟ್ಟೆ ಕಂದಾಗಿ ಜೋತಿತು. ನೆಲದ ಕಾರ್ಪೆಟ್ಟಿನಿಂದ ಹಸಿ ನಾಯಿಯ ವಾಸನೆ.

ಬೇಸತ್ತು ನಾನಾ ಪೇಠಕ್ಕೆ ಹೋದೆ. ಗಾಡಿಯ ಬಿಡಿಭಾಗಕ್ಕೆ ಪುಣೆಯವರೆಲ್ಲ ಹುಡುಕಿಕೊಂಡು ಬರುವ ಪೇಟೆ ಅದು. ಒಬ್ಬ ಅಂಗಡಿಯವನು ಹಳೆ ಗಾಡಿಯಿಂದ ಬಿಚ್ಚಿದ ಗಾಜು ತೋರಿಸಿದ; ಅದರ ಒಂದು ಮೂಲೆ ಚಕ್ಕೆಯೆದ್ದಿತ್ತು. ಇನ್ನೊಬ್ಬ ಅಕ್ರಿಲಿಕ್ ಹಾಳೆ ಕತ್ತರಿಸಿ ಕೂರಿಸುತ್ತೇನೆಂದ. ಮೂರನೆಯವನಲ್ಲಿ ಹೊಸ ಗಾಜೇ ಇತ್ತು, ಬೆಲೆಯೂ ಅರ್ಧ. ಆದರೆ ಮೂಲೆಯಲ್ಲಿ ಅಚ್ಚೇ ಇರಲಿಲ್ಲ. ವಾಹನದ ಸುರಕ್ಷತಾ ಗಾಜಿಗೆ ಐಎಸ್ 2553 ಎಂಬ ಭಾರತೀಯ ಮಾನಕವಿದೆ. ಆ ಗುರುತಿಲ್ಲದ ಗಾಜನ್ನು ಮಗನ ತಲೆಯ ಮೇಲೆ ಕೂರಿಸುವುದು ಹೇಗೆ? ಬರಿಗೈಯಲ್ಲಿ ಮರಳಿದೆ. ಚಾಕಣದಲ್ಲಿ ಗಾಡಿಗಳೂ ತಯಾರಾಗುತ್ತವೆ, ಗಾಡಿಯ ಗಾಜು ಮಾಡುವ ಸೇಂಟ್ ಗೋಬೇನ್ ಸೆಕುರಿಟ್ ಕಾರ್ಖಾನೆಯೂ ಇದೆ. ಅಂಥ ಊರಲ್ಲಿದ್ದುಕೊಂಡು ಗಾಜಿಗಾಗಿ ಬೇರೆ ರಾಜ್ಯದ ಗೋದಾಮಿನತ್ತ ಮುಖ ಮಾಡಿ ಕೂರಬೇಕಾಯಿತು.

ವಿಮೆಯವರಿಂದ ಫೋನಿನಲ್ಲಿ ಮಾತ್ರ ಉತ್ತರ ಬರುತ್ತಿತ್ತು: ನೋಡುತ್ತಿದ್ದೇವೆ, ಕಷ್ಟ, ಬಹುಶಃ ಆಗಲಿಕ್ಕಿಲ್ಲ. ಕೊನೆಗೆ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ನಮ್ಮ ಭಾವನವರು ಹುಬ್ಬಳ್ಳಿಯಿಂದ ಹೇಳಿದರು, “ಫೋನ್‌ದಾಗ ಮಾತಾಡೂದು ಬಿಡು. ಆಗೂದಿಲ್ಲ ಅನ್ನೂದನ್ನ ಬರದು ಕೊಡ್ರಿ ಅನ್ನು.” ಹಾಗೇ ಮಾಡಿದೆ. ವಿಮಾ ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಬರೆದು ಫೋಟೋಗಳನ್ನು ಲಗತ್ತಿಸಿದೆ. ನಿರಾಕರಿಸುವುದಾದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ಲಿಖಿತವಾಗಿ ತಿಳಿಸಿ, ಅದನ್ನು ಹಿಡಿದು ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗುತ್ತೇನೆ ಎಂದೆ. ಆ ಕಚೇರಿ ಪುಣೆಯಲ್ಲೇ ಇದೆ, ನಾರಾಯಣ ಪೇಠದಲ್ಲಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಅಲ್ಲಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಹೋಗುವ ಪ್ರಸಂಗ ಬರಲಿಲ್ಲ. ಸರ್ವೇಯರ್ ಮತ್ತೆ ಬಂದು, ಸ್ಥಳದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ, ಚೌಕಟ್ಟು ಬಾಗಿಲ್ಲ, ರಬ್ಬರು ಹಳತಾಗಿಲ್ಲ ಎಂದು ಬರೆದುಕೊಂಡರು. ಮಂಜೂರಾತಿ ಪತ್ರದಲ್ಲಿ ಕಾರಣ ಎಂಬಲ್ಲಿ ‘ಹೊರಗಿನ ವಸ್ತುವಿನ ಆಘಾತ’ ಎಂದಿತ್ತು. ಗಾಜಿಗೆ ಸವಕಳಿ ಕಡಿತ ಇಲ್ಲ. ರಬ್ಬರು, ಪ್ಲಾಸ್ಟಿಕ್ಕಿಗೆ ಅರ್ಧ ಕಡಿತ. ಅದರ ಮೇಲೆ 1500 ಸಿಸಿವರೆಗಿನ ಗಾಡಿಗೆ ಕಡ್ಡಾಯವಾಗಿ ಮಾಲೀಕ ಹೊರಬೇಕಾದ ₹1000. ಲೆಕ್ಕ ಇಷ್ಟು ಸರಳ.

ಸರಳವಲ್ಲದ್ದು ಮುಂದಿತ್ತು. ಗಾಜು ಬಂದ ದಿನ ವರ್ಕ್‌ಶಾಪಿನಲ್ಲಿ ನಾನು ಹೆಂಡತಿಯೊಡನೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ, ಎಣ್ಣೆ ಕೈ ಒರೆಸಿಕೊಳ್ಳುತ್ತ ಫಿಟರ್ ಒಬ್ಬ ಬಂದ. ಇಂಡಿ ಕಡೆಯವನು. “ಸರ್ರ, ಹೊಸಾ ಕಾಚ್ ಹಾಕೂದು ದೊಡ್ಡ ಮಾತಲ್ರೀ. ಒಡದದ್ದು ಎಲ್ಲೆಲ್ಲಿ ಹೋಗಿ ಕುಂತೈತಿ, ಅದನ್ನ ಹುಡುಕೂದ ಕೆಲಸ” ಎಂದ. ಗಾಜು ಸರಿಯುವ ಹಳಿಗಳಲ್ಲಿ ಗ್ರೀಸ್ ಇರುತ್ತದೆ. ಪುಡಿಯೆಲ್ಲ ಅದಕ್ಕೆ ಮೆತ್ತಿಕೊಂಡಿತ್ತು. ಹಾಗೇ ಮೋಟಾರ್ ಓಡಿಸಿದ್ದರೆ ಕೇಬಲ್ಲೂ ಹಳಿಯೂ ಕೆಟ್ಟು, ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತಿತ್ತು. ಅವನು ಹಳೆ ಗ್ರೀಸನ್ನೆಲ್ಲ ಬಟ್ಟೆಯಲ್ಲಿ ಒರೆಸಿ ತೆಗೆದು, ಸಣ್ಣ ನಳಿಕೆಯ ವ್ಯಾಕ್ಯೂಮ್ ಹಿಡಿದು ಎಳೆದು, ಹೊಸ ಗ್ರೀಸ್ ಸವರಿದ. ಆಮೇಲೆ ಗಾಜನ್ನಿಟ್ಟು ಸ್ಕ್ರೂಗಳನ್ನು ಅರ್ಧ ಬಿಗಿದು, ಬೆರಳಾಡಿಸಿ ಮಟ್ಟ ನೋಡಿದ. ಮುಂದಿನ ಅಂಚು ಛಾವಣಿಗಿಂತ ಕೂದಲೆಳೆ ತಗ್ಗು, ಹಿಂದಿನದು ಕೂದಲೆಳೆ ಎತ್ತರ ಇರಬೇಕು. ಇಲ್ಲವಾದರೆ ಓಡುವಾಗ ಗಾಳಿ ಸಿಳ್ಳೆ ಹೊಡೆಯುತ್ತದೆ. ಕೊನೆಗೆ ಸ್ವಿಚ್ ಒತ್ತಿ ಹಿಡಿದು ಮೋಟಾರಿಗೆ ತೆರೆಯುವ, ಮುಚ್ಚುವ ಕೊನೆಗಳನ್ನು ಹೊಸದಾಗಿ ಕಲಿಸಿದ. ಅದನ್ನು ಕಲಿಸದಿದ್ದರೆ ಬೆರಳು ಸಿಕ್ಕಾಗ ಗಾಜು ಹಿಂದೆ ಸರಿಯುವ ವ್ಯವಸ್ಥೆ ನೆಟ್ಟಗೆ ಕೆಲಸ ಮಾಡುವುದಿಲ್ಲ.

ಅಡ್ವೈಸರ್ ಬಿಲ್ಲಿಗೆ ಸಹಿ ಕೇಳಿದ. ಮೊದಲು ನೀರು ಬಿಡಿ ಎಂದೆ. ತೊಳೆಯುವ ಪೈಪಿನಿಂದ ಛಾವಣಿಗೆ ಮೆಲ್ಲಗೆ ನೀರು ಹರಿಸಿದರು. ಸ್ವಲ್ಪ ಹೊತ್ತಿಗೆ ಎಡಗಡೆ ಮುಂದಿನ ಕಂಬದ ಬುಡದಲ್ಲಿ ಕಾರ್ಪೆಟ್ಟು ಒದ್ದೆಯಾಯಿತು. ಸನ್‌ರೂಫಿನ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಬೇಕೆಂದೂ ಇಲ್ಲ. ದಾಟಿ ಬಂದ ನೀರು ಸುತ್ತಲಿನ ಕಾಲುವೆಗೆ ಬಿದ್ದು, ನಾಲ್ಕು ಮೂಲೆಯ ಸಣ್ಣ ಕೊಳವೆಗಳಲ್ಲಿ ಇಳಿದು ಗಾಡಿಯ ಕೆಳಗೆ ಹೋಗುತ್ತದೆ. ಒಂದು ಕೊಳವೆಯಲ್ಲಿ ಗಾಜಿನ ಪುಡಿ, ಕೆಸರು ಗಟ್ಟಿಯಾಗಿ ಕೂತಿತ್ತು. ಅಡ್ವೈಸರ್ ಗಾಳಿ ಹೊಡೆಯಲು ಹೇಳಿದ. ಫಿಟರ್ ಒಪ್ಪಲಿಲ್ಲ, ಜೋರು ಗಾಳಿಗೆ ಕೊಳವೆ ಒಳಗೇ ಕಳಚಿಕೊಂಡರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ ಎಂದ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ, ತಿರುಗಿಸಿ, ಎಳೆದ. ಗಾಡಿಯ ಕೆಳಗೆ ಮಣ್ಣು ಬಣ್ಣದ ನೀರು ಧಾರೆಯಾಗಿ ಬಿತ್ತು. ಆಮೇಲೆ ಸಹಿ ಹಾಕಿದೆ.

ಪಾಲಿಸಿ ನವೀಕರಿಸುವಾಗ ಮೂರು ವರ್ಷ ಕ್ಲೇಮ್ ಮಾಡದೆ ಗಳಿಸಿದ್ದ 35 ಪ್ರತಿಶತ ಬೋನಸ್ ಸೊನ್ನೆಗಿಳಿದಿತ್ತು. ಅದನ್ನೂ ಕೂಡಿಸಿದರೆ ನನ್ನ ಕೈಯಿಂದ ಹೋದದ್ದು ಆ ₹1000ಕ್ಕಿಂತ ಬಹಳ ಹೆಚ್ಚು. ಬೆಂಗಳೂರಿನ ತಮ್ಮ ಹೊಸ ಗಾಡಿ ನೋಡುತ್ತಿದ್ದಾನೆ; ಸನ್‌ರೂಫ್ ಬೇಡ ಎನ್ನುತ್ತೇನೆಂದು ಕಾದು ಫೋನ್ ಮಾಡಿದ್ದ. ಬೇಕಾದರೆ ತೊಗೋ, ಬಿಸಿಲಲ್ಲಿ ಪರದೆ ಎಳಿ, ಒಡೆದರೆ ಗಾಜು ಬಳಿಯುವ ಮೊದಲು ಫೋಟೋ ಹಿಡಿ, ಇಲ್ಲ ಅಂದವರಿಂದ ಬರೆಸಿಕೋ, ನೀರು ಬಿಟ್ಟು ನೋಡದೆ ಬಿಲ್ಲಿಗೆ ಸಹಿ ಹಾಕಬೇಡ ಎಂದೆ. ಸನ್‌ರೂಫ್ ಇಲ್ಲದ ಮಾಡೆಲ್ಲಿಗೆ ಎಷ್ಟು ಕಮ್ಮಿ ಎಂದು ಅವನೇ ಕೇಳಿದ.