ಚಳಿಯಲ್ಲಿ ತಪ್ಪಿದ ಲೆಕ್ಕ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಎಲ್ಲಿಗೆ ಹೋದರೂ, ಯಾರು ಕೇಳದಿದ್ದರೂ, ಕಾರಣ ವಿವರಿಸುವ ರೋಗ. ಆ ರೋಗದ ದೆಸೆಯಿಂದ ಅಮೆರಿಕದಲ್ಲಿ ಮಗನ ಮನೆಯೊಳಗೆ ನೀರು ಹರಿಸಿದ ಪ್ರಸಂಗವಿದು. ಮನೆಯೆಂದರೆ ಚಕ್ರದ ಮೇಲಿನ ಮನೆ.

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ರಜೆ ಹಾಕಿ ನಾನೂ ನನ್ನಾಕೆಯೂ ಮಿನಿಯಾಪೊಲಿಸ್‌ಗೆ ಹೋಗಿದ್ದೆವು. ಮಗನಿಗೆ ಆಗಷ್ಟೇ ಡಲ್ಲಾಸ್‌ನಲ್ಲಿ ಹೊಸ ಕೆಲಸ ಸಿಕ್ಕಿತ್ತು. ದಾರಿಯಲ್ಲಿ ಮಲಗಲು, ಅಲ್ಲಿ ಬಾಡಿಗೆ ಮನೆ ಗೊತ್ತಾಗುವವರೆಗೆ ತಂಗಲು ಎಂದು ಹಳೆಯದೊಂದು ಟ್ರಾವೆಲ್ ಟ್ರೈಲರ್ ಕೊಂಡಿದ್ದ. ಪಿಕಪ್ ವಾಹನದ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಗಾಡಿ. ಒಳಗೆ ಹಾಸಿಗೆ, ಒಲೆ, ಸಿಂಕು, ಪುಟ್ಟ ಬಚ್ಚಲು. ನೆಲದಡಿ ನೀರಿನ ಟ್ಯಾಂಕು, ಮುಂದುಗಡೆ ಎರಡು ಗ್ಯಾಸ್ ಸಿಲಿಂಡರು.

ಹೊರಟ ದಿನ ಬೆಳಿಗ್ಗೆ ಮೈನಸ್ 12 ಡಿಗ್ರಿ ಸೆಲ್ಸಿಯಸ್. ಮೊದಲ ತಂಗುದಾಣ ಅಯೋವಾ ರಾಜ್ಯದ ಡೆ ಮೊಯ್ನ್, ಸುಮಾರು 390 ಕಿಲೋಮೀಟರ್. ಟ್ರೈಲರ್ ಎಳೆಯುವಾಗ ಅದರೊಳಗೆ ಜನ ಕೂರುವುದು ಅಲ್ಲಿನ ಅನೇಕ ರಾಜ್ಯಗಳಲ್ಲಿ ನಿಷಿದ್ಧ. ನಾವೆಲ್ಲ ಮುಂದಿನ ವಾಹನದಲ್ಲೇ. ಹಾಗಾದರೆ ಖಾಲಿ ಗಾಡಿಯನ್ನು ಬೆಚ್ಚಗಿಡುವ ಯೋಚನೆ ಯಾಕೆ? ಅದರ ಪೈಪುಗಳಲ್ಲಿ ನೀರಿತ್ತು, ಅದಕ್ಕೆ.

"ಗ್ಯಾಸ್ ಹೀಟರ್ ಉರೀತಾ ಇರಲಿ ಅಪ್ಪ, ಕೆಲವರು ಹಾಗೇ ಓಡಿಸ್ತಾರೆ" ಎಂದ ಮಗ. ಅಲ್ಲಿಯ ಸಿಲಿಂಡರಿನಲ್ಲಿರುವುದು ಪ್ರೊಪೇನ್. ಮೈನಸ್ 42 ಡಿಗ್ರಿಯವರೆಗೂ ಅದು ಅನಿಲವಾಗಿ ಹೊಮ್ಮುತ್ತದೆ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಬೆರೆತಿರುವ ಬ್ಯುಟೇನ್ ಆದರೆ ಸೊನ್ನೆ ಡಿಗ್ರಿಯ ಸುಮಾರಿಗೇ ಮುಷ್ಕರ ಹೂಡುತ್ತದೆ. ಉರಿಯುವುದೇನೋ ಉರಿಯುತ್ತದೆ, ನಿಜ. ಆದರೆ ಓಡುವ ಗಾಡಿಯಲ್ಲಿ ಗ್ಯಾಸ್ ಕೊಳವೆ ಸಡಿಲವಾದರೆ? ಅಪಘಾತವಾದರೆ? ಪೆಟ್ರೋಲ್ ಬಂಕಿಗೆ ಹೋದಾಗ ಆರಿಸಲು ಮರೆತರೆ? "ಕೂಡದು" ಎಂದೆ. ಇದರಲ್ಲಿ ನಾನು ತಪ್ಪಿರಲಿಲ್ಲ ಎಂದು ಈಗಲೂ ನಂಬಿದ್ದೇನೆ.

"ಕರೆಂಟ್ ಹೀಟರ್?" ಎಂದಳು ಸೊಸೆ. ಅದಕ್ಕೂ ಲೆಕ್ಕ ಸಿದ್ಧವಿತ್ತು. 1500 ವಾಟ್ ಹೀಟರು ವಾಹನದ 12 ವೋಲ್ಟಿನಲ್ಲಿ ಉರಿಯಬೇಕಾದರೆ 125 ಆಂಪಿಯರ್ ವಿದ್ಯುತ್ ಹರಿಯಬೇಕು. ಟ್ರೈಲರಿಗೆ ಹೋಗುವ ತಂತಿ ಅಷ್ಟನ್ನು ತಡೆಯಲಾರದು.

ಇಲ್ಲಿಗೆ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. "ಹಾಗಾದ್ರೆ ನೀರು ಖಾಲಿ ಮಾಡಿಬಿಡ್ಲಾ?" ಎಂದ ಮಗ. "ಯಾಕೋ? ಸಂಜೆ ಮಗು ಕೈಕಾಲು ತೊಳೆಯೋದು ಬೇಡವಾ? ಒಳಗೆ 20 ಡಿಗ್ರಿ ಇದೆ. ಗೋಡೆಯಲ್ಲಿ ಥರ್ಮೋಕೋಲ್‌ನಂಥ ಪದರ ಇದೆ. ಫ್ಲಾಸ್ಕು ಇದ್ದ ಹಾಗೆ!" "ಗಾಳಿ ಹೊಡೆಯುತ್ತಲ್ಲಪ್ಪ?" "ಫ್ಯಾನಿನ ಗಾಳಿ ಬೆವರಿದ ಮೈಗೆ ತಂಪು, ಗೋಡೆಗೇನು ತಂಪು? ಥರ್ಮಾಮೀಟರಿಗೆ ಗಾಳಿ ಹಾಕಿದರೆ ಪಾದರಸ ಇಳಿಯುತ್ತಾ?" ಮಗ ಮಾತಾಡಲಿಲ್ಲ.

ಸಂಜೆ ತಂಗುದಾಣದಲ್ಲಿ ನಲ್ಲಿ ತಿರುಗಿಸಿದರೆ ಒಂದು ಹನಿಯಿಲ್ಲ. ಹೀಟರ್ ಹಚ್ಚಿ ಕಾದೆವು. ಗಂಟೆಯ ಮೇಲೆ ಸಿಂಕಿನ ಕೆಳಗಿನಿಂದ 'ಚುಯ್' ಎಂಬ ಸದ್ದು. ಮೂಲೆಯ ಎಲ್ಬೋ ಸೀಳಿತ್ತು. ಪೈಪನ್ನು ಒಡೆದ ಮಂಜುಗಡ್ಡೆಯೇ ಅಷ್ಟು ಹೊತ್ತು ಬಿರಡೆಯಾಗಿ ನಿಂತಿತ್ತು. ಕರಗಿದ್ದೇ ತಡ, ನೀರು ನೆಲಕ್ಕೆ, ಹಾಸಿಗೆಯ ಅಂಚಿಗೆ, ಮೊಮ್ಮಗಳ ಬಟ್ಟೆಯ ಚೀಲಕ್ಕೆ. ಸೊಸೆ ಮಗುವನ್ನೆತ್ತಿಕೊಂಡು ಚಳಿಯಲ್ಲಿ ಹೊರಗೆ ನಿಂತಿದ್ದಳು. ಮಗ ತುಟಿ ಬಿಚ್ಚದೆ ನೆಲ ಒರೆಸಿದ. ಆ ರಾತ್ರಿ ಹೋಟೆಲಿನಲ್ಲಿ ಎರಡು ಕೋಣೆ ಹಿಡಿದೆವು.

ನಿದ್ದೆ ಬರದೆ ಲೆಕ್ಕ ಮತ್ತೆ ಮಾಡಿದೆ. ಗಾಳಿ ಒಂದು ವಸ್ತುವನ್ನು ಸುತ್ತಲಿನ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ನಾನು ಹೇಳಿದ್ದು ನಿಜ. ಆದರೆ ಬಿಸಿಯಾಗಿರುವ ವಸ್ತುವನ್ನು ಆ ಉಷ್ಣತೆಗೆ ಬೇಗನೆ ತಲುಪಿಸುತ್ತದೆ. ಊದಿ ಊದಿ ಕಾಫಿ ಆರಿಸುವ ನಮಗೆ ಇದು ಗೊತ್ತಿಲ್ಲದ್ದೇ? ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಗೋಡೆಯ, ತಳದ ಶಾಖವನ್ನೆಲ್ಲ ಗಾಳಿ ನಾಲ್ಕು ಗಂಟೆಗೂ ಹೆಚ್ಚು ಕಾಲ ದೋಚಿತ್ತು. ಮೊದಲು ಹೆಪ್ಪುಗಟ್ಟಿದ್ದು ಹೊರಗೋಡೆಗೆ ತಾಗಿದ್ದ ಪೈಪು.

ಬೆಳಿಗ್ಗೆ ಮಗನಿಗೆ "ತಪ್ಪು ನನ್ನದಪ್ಪ" ಎಂದೆ. ಅವನು ನಕ್ಕ. "ಎಂಟನೇ ಕ್ಲಾಸಲ್ಲಿ ನೀವು ಬಾಟ್ಲಿ ಒಡೆಸಿ ತೋರಿಸಿದ್ರಿ, ನೆನಪಿದೆಯಾ ಅಪ್ಪ?" ನೆನಪಿಲ್ಲದೇ ಏನು! ಮಂಜುಗಡ್ಡೆ ಪುಡಿಗೆ ಉಪ್ಪು ಬೆರೆಸಿ, ಕಂಠಪೂರ್ತಿ ನೀರು ತುಂಬಿ ಬಿರಡೆ ಹಾಕಿದ ಗಾಜಿನ ಬಾಟ್ಲಿಯನ್ನು ಅದರಲ್ಲಿ ಹೂಳುತ್ತಿದ್ದೆ. ಹೆಪ್ಪುಗಟ್ಟುವಾಗ ನೀರು ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ ಎಂದು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಬಾಟ್ಲಿ ಸೀಳುತ್ತಿತ್ತು. ಆ ತರಗತಿಯಲ್ಲಿ ಮಗನೂ ಕೂತಿದ್ದ.

"ನಿನ್ನೆ ಬೆಳಿಗ್ಗೇನೇ ಅದು ನೆನಪಾಗಿತ್ತು. ನೀವು ಅಷ್ಟು ಗಟ್ಟಿಯಾಗಿ ಹೇಳಿದಿರಲ್ಲ, ಸುಮ್ಮನಾದೆ" ಎಂದ.

ಒಡೆದ ಎಲ್ಬೋಗಿಂತ ಈ ಮಾತು ಹೆಚ್ಚು ಚುಚ್ಚಿತು. ಮೂವತ್ತು ವರ್ಷದಲ್ಲಿ ನನ್ನ ಎದುರು ಹೀಗೆ ಸುಮ್ಮನಾದ ಹುಡುಗರು ಎಷ್ಟು ಮಂದಿಯೋ!

ಎಲ್ಬೋ ಬದಲಾಯಿಸಿ, ಟ್ಯಾಂಕು ಬರಿದು ಮಾಡಿ, ಪೈಪುಗಳಿಗೆ ಗುಲಾಬಿ ಬಣ್ಣದ ದ್ರವ ತುಂಬಿದೆವು. ಪ್ರೊಪಿಲೀನ್ ಗ್ಲೈಕಾಲ್ ಇರುವ, ಕುಡಿಯುವ ನೀರಿನ ಪೈಪಿಗೆಂದೇ ಮಾರುವ ದ್ರವ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಅದನ್ನು ಇಲ್ಲಿ ಬಳಸುವಂತಿಲ್ಲ. ಸಿಲಿಂಡರಿನ ವಾಲ್ವ್ ಮುಚ್ಚಿದೆವು. ಬಳಸುವ ನೀರನ್ನು ಕ್ಯಾನುಗಳಲ್ಲಿ ತುಂಬಿ ನಮ್ಮ ಜೊತೆ ಬೆಚ್ಚಗಿನ ವಾಹನದಲ್ಲೇ ಇಟ್ಟುಕೊಂಡೆವು. ರಾತ್ರಿ ಗಾಡಿ ನಿಂತ ಮೇಲಷ್ಟೇ ಹೀಟರ್. ಡಲ್ಲಾಸ್‌ವರೆಗೆ ಒಂದು ತೊಂದರೆಯೂ ಆಗಲಿಲ್ಲ.

ಊರಿಗೆ ಬಂದ ಮೇಲೆ ಒಂಬತ್ತನೇ ತರಗತಿಯಲ್ಲಿ ಟ್ರೈಲರಿನ ಚಿತ್ರ ಬರೆದು ಕೇಳಿದೆ: "ಈ ಪೈಪು ಒಡೆಯದ ಹಾಗೆ ಬೆಚ್ಚಗಿಡುವುದು ಹೇಗೆ?" ಕಂಬಳಿ ಎಂದರು, ಬಲ್ಬು ಎಂದರು, ಬೆಂಕಿ ಎಂದರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಅರ್ಧ ಕೈ ಎತ್ತಿ ಇಳಿಸಿದಳು. "ಹೇಳಮ್ಮ, ತಪ್ಪಾದರೂ ಪರವಾಗಿಲ್ಲ" ಎಂದೆ.

"ಸಾರ್, ನೀರು ತೆಗೆದುಬಿಟ್ಟರೆ ಬೆಚ್ಚಗೆ ಯಾಕೆ ಇಡಬೇಕು?"