ಬಣ್ಣದ ಬಾಡಿಗೆ

ಮನುಷ್ಯನು ಹೊಟ್ಟೆಗೆ ಖರ್ಚು ಮಾಡುವಾಗ ಚೌಕಾಸಿ ಮಾಡುತ್ತಾನೆ. ವೇಷಕ್ಕೆ ಖರ್ಚು ಮಾಡುವಾಗ ಅದನ್ನು ಮರೆಯುತ್ತಾನೆ. ಬಯಲುಸೀಮೆಯ ಹಳ್ಳಿಗಳಲ್ಲಿ ನಡೆಯುವ ‘ಕುರುಕ್ಷೇತ್ರ’ ನಾಟಕವೇ ಇದಕ್ಕೆ ಸಾಕ್ಷಿ. ಅಲ್ಲಿ ನಟನಿಗೆ ಸಂಬಳವಿಲ್ಲ; ನಟನೇ ಹಣ ತೆತ್ತು ಪಾತ್ರವನ್ನು ಪಡೆಯಬೇಕು. ದುರ್ಯೋಧನನಿಗೆ ಹೆಚ್ಚಿನ ದರ; ಎರಡು ಮಾತಾಡಿ ಮರೆಯಾಗುವ ಪಾತ್ರಗಳಿಗೆ ಕಡಿಮೆ. ಸೀನರಿ, ಕಿರೀಟ, ಗದೆ ಎಲ್ಲವೂ ಬಾಡಿಗೆಯವು. ಬೆಳಗಾಗುವಷ್ಟರಲ್ಲಿ ಕಿರೀಟ ಪೆಟ್ಟಿಗೆ ಸೇರುತ್ತದೆ. ಸಾಲ ಮಾತ್ರ ಮನೆಯಲ್ಲಿ ಉಳಿಯುತ್ತದೆ.

ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಊರುಗಳಲ್ಲಿ ಆ ರಂಗಸ್ಥಳವೀಗ ಅಂಗೈಗೆ ಇಳಿದಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2018ರಲ್ಲಿ ಪಬ್‌ಜಿ ಮೊಬೈಲ್ ಬಂದಿತು. ನೂರು ಮಂದಿ ಒಂದು ದ್ವೀಪಕ್ಕೆ ಇಳಿದು ಹೋರಾಡುವ ಈ ಆಟಕ್ಕೆ ಪ್ರವೇಶಧನವಿಲ್ಲ. 2004ರಲ್ಲಿ ಅಮೆರಿಕೆಯಲ್ಲಿ ಆರಂಭವಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ತಿಂಗಳಿಗೆ ಸುಮಾರು 15 ಡಾಲರು ಚಂದಾ ವಿಧಿಸಿತ್ತು. ಚಂದಾ ಎಂಬುದಕ್ಕೆ ಒಂದು ಮೇರೆಯುಂಟು, ಆಸೆಗೆ ಇಲ್ಲ. ಈ ಮರ್ಮವನ್ನರಿತ ವರ್ತಕರು ಬಾಗಿಲನ್ನು ತೆರೆದಿಟ್ಟು, ಒಳಗೆ ಉಡುಪಿನ ಅಂಗಡಿಯನ್ನು ಹೂಡಿದರು.

ಆ ಉಡುಪು ತೊಟ್ಟವನಿಗೆ ಗುಂಡೇನೂ ತಪ್ಪುವುದಿಲ್ಲ. ಆದರೆ ತಂಡದ ಉಳಿದ ಮೂವರು ಅದನ್ನು ನೋಡುತ್ತಾರೆ, ಅಷ್ಟೇ ಸಾಕು. ನಾಟಕದ ದರವನ್ನು ಹಿರಿಯರ ಎದುರಿನಲ್ಲಿ ಬಾಯಿಬಿಟ್ಟು ಹೇಳುತ್ತಾರೆ. ಇಲ್ಲಿಯಾದರೋ ರೂಪಾಯಿ ಮೊದಲು ‘ಯು.ಸಿ.’ ಎಂಬ ನಾಣ್ಯವಾಗಿ ಮಾರ್ಪಡುತ್ತದೆ; ಆ ನಾಣ್ಯ ಅದೃಷ್ಟದ ಪೆಟ್ಟಿಗೆಗೆ ಬೀಳುತ್ತದೆ; ಪೆಟ್ಟಿಗೆಯಲ್ಲಿ ಏನಿದೆಯೆಂದು ತೆರೆದ ಮೇಲೆಯೇ ತಿಳಿಯುವುದು. ಒಂದೊಂದು ಕಂತೂ ಚಿಕ್ಕದು, ಆದುದರಿಂದ ಮೊತ್ತವನ್ನು ಯಾರೂ ಕೂಡುವುದಿಲ್ಲ. 2020ರ ಜುಲೈಯಲ್ಲಿ ಪಂಜಾಬಿನ ಹದಿನೇಳರ ಹುಡುಗನೊಬ್ಬನು ತಂದೆತಾಯಿಗಳ 16 ಲಕ್ಷ ರೂಪಾಯಿಗಳನ್ನು ಹೀಗೆ ಕರಗಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಹಾಲಿನ ಬಟವಾಡೆ ತಂದೆಯ ಖಾತೆಗೆ ಬೀಳುವ, ಆ ಖಾತೆಯ ಕೀಲಿ ಮಗನ ಬೆರಳಿನಲ್ಲಿರುವ ಲಕ್ಕೂರಿಗೆ ಪಂಜಾಬೇನೂ ದೂರವಲ್ಲ.

ಕೊಂಡದ್ದಾದರೂ ಸ್ವಂತವೇ? 2020ರ ಸೆಪ್ಟೆಂಬರ್ 2ರಂದು ಸರಕಾರ ಪಬ್‌ಜಿಯನ್ನು ನಿಷೇಧಿಸಿತು. ಹಣ ತೆತ್ತು ಪಡೆದ ಉಡುಪೆಲ್ಲ ಆಟದೊಡನೆ ಮರೆಯಾಯಿತು. 2021ರ ಜುಲೈಯಲ್ಲಿ ಅದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೊಸ ಹೆಸರಿನಿಂದ ಮರಳಿತು; 2022ರ ಜುಲೈಯಲ್ಲಿ ಆಪ್ ಅಂಗಡಿಗಳಿಂದ ಕಾಣೆಯಾಯಿತು; 2023ರ ಮೇ ತಿಂಗಳಲ್ಲಿ ಪುನಃ ಬಂದಿತು. ಒಡೆಯನ ಮರ್ಜಿಯಿದ್ದಷ್ಟು ದಿನ ವೇಷ, ಇದೂ ಬಾಡಿಗೆಯೇ.

ಹುಡುಗನನ್ನು ಗದರಿಸುವ ಹಿರಿಯರು ತಮ್ಮ ಕಾಲದ ಕಿರೀಟವನ್ನು ನೆನೆಯುವುದು ಒಳಿತು. ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂಬ ಹಂಬಲ ಎರಡು ಕಡೆಯೂ ಒಂದೇ. ಭೇದವಿರುವುದು ಫಲದಲ್ಲಿ. ದುರ್ಯೋಧನನಾಗಿ ಮೆರೆದವನನ್ನು ಊರು ಹತ್ತು ವರ್ಷಗಳ ಮೇಲೂ ಅದೇ ಹೆಸರಿನಿಂದ ಕರೆದು ನಗುತ್ತದೆ. ಅಂಗೈಯ ರಂಗದಲ್ಲಿ ರಾತ್ರಿಯೆಲ್ಲ ಮೆರೆದವನನ್ನು ಬೆಳಗ್ಗೆ ಡೇರಿಯ ಮುಂದೆ ಗುರುತಿಸುವವರು ಯಾರೂ ಇಲ್ಲ, ತಂದೆಯ ಪಾಸ್‌ಬುಕ್ಕೊಂದರ ಹೊರತು.